ಸುಣ್ಣದ ಚುಕ್ಕೆ

ನೊರೆ ತಣ್ಣಗಿದೆ, ಕಿವಿಯ ಬುಡದಿಂದ ಇಳಿದು ಗಂಟಲಿನ ಗುಳಿಯ ತನಕ ಬರುತ್ತಿದೆ ಬ್ರಷ್ಷು, ಸುತ್ತಿ ಸುತ್ತಿ, ಎಮ್ಮೆಯ ಮೈ ತಿಕ್ಕಿದ ಹಾಗೆ, ಈ ಕ್ಷೌರಿಕನ ಕೈ ಎಂದೂ ಅವಸರ ಮಾಡಿದ್ದಿಲ್ಲ, ಇವತ್ತಾದರೂ ಮಾಡಬಾರದೆ, ಕುತ್ತಿಗೆಯ ಹಿಂದೆ ಬಟ್ಟೆಯ ಗಂಟು ಬಿಗಿಯಾಯಿತು, ಬಟ್ಟೆಯ ಒಳಗೆ ನನ್ನ ಎರಡು ಕೈ, ತೊಡೆಯ ಮೇಲೆ, ಮುಷ್ಟಿ ಕಟ್ಟಿಕೊಂಡು, ತೆಗೆಯಬಾರದು, ತೆಗೆದರೆ ಮುಗಿಯಿತು. ಉಗುರಿನ ಸಂದಿಯಲ್ಲಿ ಸುಣ್ಣ ಇನ್ನೂ ಇದೆ, ಬೆರಳಿನ ಬಿರುಕಿನಲ್ಲಿದೆ, ನಲ್ಲಿಯ ಕೆಳಗೆ ಎಷ್ಟು ತಿಕ್ಕಿದರೂ ಹೋಗಲಿಲ್ಲ, ಅಂಗೈ ಉರಿಯುತ್ತಿದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಿದ್ದಳು ಅವ್ವ, ಇಲ್ಲಿ ನೋಡಿದರೆ ಗೋಡೆ ತುಂಬ ಕನ್ನಡಿ, ಮುಂದೊಂದು ಹಿಂದೊಂದು, ಇದರೊಳಗೆ ಅದು ಅದರೊಳಗೆ ಇದು, ಎಷ್ಟು ಜನ ನಾನು, ಎಲ್ಲರ ಮುಖಕ್ಕೂ ನೊರೆ, ಎಲ್ಲರೂ ಕೈ ಬಚ್ಚಿಟ್ಟುಕೊಂಡವರೇ. ನನ್ನ ಬೆನ್ನ ಹಿಂದಿನ ಬೆಂಚಿನಲ್ಲಿ ಇಬ್ಬರು, ಒಬ್ಬ ಬಸ್ ಕಂಡಕ್ಟರು, ಇನ್ನೊಬ್ಬ ಟಾಕೀಸಿನಲ್ಲಿ ಸಿನಿಮಾ ಓಡಿಸುವವನು, ರೀಲು ಎಂದರೇ ಅವನು ತಿರುಗಿ ನೋಡುವುದು, ಶನಿವಾರ ಬೆಳಿಗ್ಗೆ ಇವರಿಬ್ಬರೂ ಇಲ್ಲಿ ಕೂತು ಬಾಯಿ ಬಿಡದಿದ್ದರೆ ಭಾನುವಾರ ಮೈದಾನದಲ್ಲಿ ಚೆಂಡೇ ಉರುಳುವುದಿಲ್ಲ ಎನ್ನುವಂತೆ. ನೀನು ನೋಡ್ಬೇಕಿತ್ತು ಕಣೋ, ರೀಲು ಹೇಳುತ್ತಿದ್ದಾನೆ, ಮಿಲ್ಲಿನ ಗೇಟಿಗೆ ಬೀಗ, ಹೀರೋ ಒಬ್ಬನೇ ಬರ್ತಾನೆ, ಒಂದೇ ಒದೆ, ಗೇಟು ಹಾರಿ ಹೋಗಿ ಮಾಲೀಕನ ಕಾರಿನ ಮೇಲೆ ಬೀಳತ್ತೆ. ಕಾರ್ಮಿಕರು ಎಲ್ಲಿದ್ರು ಆಗ, ಕಂಡಕ್ಟರು. ಹಿಂದೆ ಇದ್ರಲ್ಲ. ಏನ್ ಮಾಡ್ತಿದ್ರು. ಕುಣೀತಿದ್ರು. ಥೂ, ಮುಷ್ಕರ ಅಂದ್ರೆ ಹಂಗಿರಲ್ಲ ಕಣಯ್ಯ, ನಾವು ಬಸ್ ನಿಲ್ಸಿದಾಗ ಡಿಪೋ ಮುಂದೆ ಕೂತು ಕೂತು ನನಗೆ ಮೂಲವ್ಯಾಧಿ ಬಂತು, ಅದನ್ನ ಯಾವ ಸಿನಿಮಾದಲ್ಲಿ ತೋರಿಸ್ತಾರೆ ಹೇಳು. ಇಂಟರ್‌ವಲ್ ಆದ್ಮೇಲೆ ಇಡ್ಬಹುದು, ರೀಲು, ಜನ ಎದ್ದು ಹೋಗದೆ ಇರಲಿ ಅಂತ ಹೀರೋಯಿನ್ನಿಗೂ ಬರಿಸ್ಬಹುದು. ಕ್ಷೌರಿಕನೂ ನಗುತ್ತಾನೆ, ಅವನಿಗೆ ನಗು ಬಂದರೆ ಕೈ ನಿಲ್ಲುತ್ತದೆ, ಕತ್ತಿ ನನ್ನ ಗಂಟಲಿನ ಮೇಲೆ ನಿಂತಿದೆ, ಅವರ ನಗು ಮುಗಿಯುವ ತನಕ ಅದು ಅಲ್ಲೇ, ನಾನು ಉಗುಳು ನುಂಗುವ ಹಾಗಿಲ್ಲ.

ಹುಲ್ಲಣ್ಣಾ, ನೀನೇ ಹೇಳಪ್ಪ ನ್ಯಾಯಾನ, ಕಂಡಕ್ಟರು ನನ್ನ ಬೆನ್ನಿಗೆ ಕೇಳುತ್ತಾನೆ. ಮೈದಾನದ ಹುಲ್ಲು ಸಾಕುವವನಿಗೆ ಹುಲ್ಲಣ್ಣ ಸಾಕು, ಅಪ್ಪ ಇಟ್ಟ ಹೆಸರನ್ನು ಮಗಳ ಮದುವೆಯ ದಿನ ಯಾರೋ ಕೂಗಿದರು, ಯಾರನ್ನು ಕರೆಯುತ್ತಿದ್ದಾರೆ ಎಂದು ನಾನೂ ಹಿಂದೆ ತಿರುಗಿ ನೋಡಿದೆ. ಬಾಯಿಯ ಸುತ್ತ ನೊರೆ, ಹೂಂ ಎನ್ನಲೂ ಆಗದು, ಅಷ್ಟು ಪುಣ್ಯ. ನ್ಯಾಯ ಅವರಿಗೂ ಗೊತ್ತು ನನಗೂ ಗೊತ್ತು. ನಮ್ಮ ಫುಟ್‌ಬಾಲ್ ತಂಡದಲ್ಲಿ ಮುಂದೆ ಆಡುವ ಹುಡುಗ, ಗ್ಯಾಲರಿ ಅವನಿಗೆ ಗಾಳಿ ಎಂದು ಹೆಸರಿಟ್ಟಿತ್ತು, ಗೋಲಿನ ಮುಂದೆ ಬಿದ್ದ, ಮಂಡಿ ಕಳಚಿದ ಸದ್ದು ನಾನು ಕೂತಲ್ಲಿಗೆ ಕೇಳಿತು, ಒಣಕಟ್ಟಿಗೆ ಲಟಕ್ಕೆಂದ ಹಾಗೆ, ಆಸ್ಪತ್ರೆಯಿಂದ ಕೋಲೂರಿಕೊಂಡು ಬಂದರೆ ಕ್ಲಬ್ಬಿನ ಹಾಸ್ಟೆಲಿನ ಬಾಗಿಲ ಹೊರಗೆ ಅವನ ಹಾಸಿಗೆ, ಸುರುಳಿ ಸುತ್ತಿ, ಮೇಲೆ ಅವನದೇ ಬೂಟು. ಓಡೋ ಕಾಲಿಗೆ ಮಾತ್ರ ಮಂಚ, ಮ್ಯಾನೇಜರು ಅಂದರಂತೆ. ಆವತ್ತಿನಿಂದ ಹುಡುಗರು ಯಾರೂ ಬೂಟು ಕಟ್ಟಿಲ್ಲ, ಬಿದ್ದವನನ್ನು ಏಳುವ ತನಕ ಇಟ್ಟುಕೊಳ್ಳಿ, ಆಮೇಲೆ ಆಡುತ್ತೇವೆ, ಅಷ್ಟೇ ಅವರ ಮಾತು, ಮುಂದೆ ನಿಂತು ಹಾಗೆ ಹೇಳಿದವನು ನನ್ನ ಅಳಿಯ, ಗೋಲ್‌ಕೀಪರು, ಊಟಕ್ಕೆ ಕೂತರೆ ಉಪ್ಪು ಕೇಳಲೂ ನಾಚುವ ಹುಡುಗ. ಅವನಿಗೆ ಕ್ಲಬ್ಬು ಕೊಟ್ಟಿದ್ದ ಮನೆಗೂ ಬೀಗ ಬಿತ್ತು, ಈಗ ಅವನೂ ಮಗಳೂ ನನ್ನ ಜೊತೆಗೇ, ಗ್ಯಾಲರಿಯ ಅಡಿಯ ಎರಡು ಕೋಣೆಯಲ್ಲಿ, ಮೆಟ್ಟಿಲುಗಳ ಹೊಟ್ಟೆಯೇ ನಮ್ಮ ಸೂರು, ಜನ ಎದ್ದು ಕುಣಿದರೆ ನಮ್ಮ ಪಾತ್ರೆಗಳೂ ಕುಣಿಯುತ್ತವೆ, ಅವಳ ಅಮ್ಮ ಅಲ್ಲೇ ಹೆತ್ತಳು, ಅಲ್ಲೇ ಹೋದಳು, ಇಳಿಜಾರು ಸೂರಿಗೆ ತಲೆ ತಾಗದ ಹಾಗೆ ಬಗ್ಗಿ ನಡೆಯುವುದನ್ನು ಮಗಳು ಅಂಬೆಗಾಲಿಡುವಾಗಲೇ ಕಲಿತಳು, ಅಳಿಯ ಇನ್ನೂ ಕಲಿತಿಲ್ಲ, ದಿನಕ್ಕೊಮ್ಮೆಯಾದರೂ ಢಕ್ ಎನ್ನುತ್ತದೆ. ನಾಳೆ ಆಟ ನಡೀಲೇಬೇಕು ಕ್ಲಬ್ಬಿನ ಮಾಲೀಕರಿಗೆ, ಕಂಡಕ್ಟರು ಹೇಳುತ್ತಿದ್ದಾನೆ, ಎಲೆಕ್ಷನ್ನಿಗೆ ನಿಂತಿದಾರಲ್ಲ, ಅರ್ಧ ಆಟಕ್ಕೆ ಮೈಕ್ ಹಿಡೀಬೇಕಲ್ಲ, ಅದಕ್ಕೇ ಎಲ್ಲಿಂದಲೋ ಬಾಡಿಗೆ ಹುಡುಗರನ್ನ ತುಂಬ್ಕೊಂಡು ಬರ್ತಿದಾರೆ. ಡೂಪ್ ಹಾಕಿ ಶೂಟಿಂಗ್ ಮುಗಿಸೋದು, ರೀಲು, ಫೈಟಿಗೆ ಡೂಪು ನೋಡಿದೀನಿ, ಹನ್ನೊಂದು ಜನಕ್ಕೂ ಡೂಪು ಇದೇ ಮೊದಲು. ಹೋದ ಎಲೆಕ್ಷನ್ನಲ್ಲಿ ಗ್ಯಾಲರಿಗೆ ಛಾವಣಿ ಅಂದ್ರು, ಒಂದು ಕಂಬ ಬಂತು. ಅದರ ಹಿಂದಿನ ಸಲಾನೂ ಕಂಬಾನೇ. ಎಲೆಕ್ಷನ್ನಿಗೊಂದು ಕಂಬ ಅಂದ್ರೆ ನನ್ನ ಮೊಮ್ಮಗ ನೆರಳಲ್ಲಿ ಕೂತು ಮ್ಯಾಚ್ ನೋಡ್ತಾನೆ ಬಿಡು. ನಿನಗಿನ್ನೂ ಮದುವೇನೇ ಆಗಿಲ್ಲವಲ್ಲೋ. ಅದಕ್ಕೂ ಒಂದು ಕಂಬ ನೆಡ್ತಾರೆ. ಮತ್ತೆ ನಗು, ಮತ್ತೆ ಕತ್ತಿ ನಿಂತಿತು. ಆದ್ರೆ ಬರೆದಿಟ್ಕೋ, ನಾಳೆ ಆಟ ಇಲ್ಲ, ಕಂಡಕ್ಟರು ಬೆಂಚಿನ ಮೇಲೆ ತಟ್ಟುತ್ತಾನೆ, ಗೆರೆ ಯಾರು ಎಳೀತಾರೆ, ಗೆರೆ ಇಲ್ದೆ ರೆಫರಿ ಸೀಟಿ ಊದಲ್ಲ, ಆ ಸಲ ಹುಲ್ಲಣ್ಣನಿಗೆ ಜ್ವರ ಅಂತ ವಾಚ್‌ಮನ್ ಕೈಲಿ ಹಾಕ್ಸಿದ್ರು ನೆನಪಿಲ್ವಾ, ಗೋಲಿನ ಚೌಕ ಎಮ್ಮೆ ಕೊಂಬಿನ ಥರ ಬಂದಿತ್ತು, ರೆಫರಿ ನೋಡಿ ಟೋಪಿ ಹಾಕ್ಕೊಂಡು ಮನೆಗೆ ಹೋದ. ಹುಲ್ಲಣ್ಣ ನಮ್ಮವನು, ಎಳೆಯಲ್ಲ.

ಎಳೆಯಲ್ಲ. ನಾನೇ ಅಂದಿದ್ದೆ, ನಿನ್ನೆ ಸಂಜೆ, ಮಗಳು ಬಟ್ಟೆ ಮಡಿಸುತ್ತಿದ್ದಳು, ಅಪ್ಪಾ ಹುಲ್ಲು ಬೇಕಾದ್ರೆ ಕತ್ತರಿಸು, ಗೆರೆ ಮಾತ್ರ ಎಳೀಬೇಡ, ಅಂದಳು, ಹುಲ್ಲಿಗೆ ಮುಷ್ಕರ ಗೊತ್ತಾಗಲ್ಲ ಮಗಾ, ಅದು ಬೆಳೀತಾನೇ ಇರತ್ತೆ, ಕತ್ತರಿಸಿ ಬಂದುಬಿಡ್ತೀನಿ, ಗೆರೆ ಮುಟ್ಟಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಕತ್ತರಿಸಿದರೆ ಮ್ಯಾನೇಜರ ಕಣ್ಣಿಗೆ ಕೆಲಸ ಕಂಡೀತು, ಗೆರೆ ಬಿಟ್ಟರೆ ಅಳಿಯನ ಮಾತು ಉಳಿದೀತು, ಎಂಥ ಜಾಣ ನಾನು. ಬೆಳಿಗ್ಗೆ ಇಬ್ಬನಿ ಇತ್ತು, ಯಂತ್ರ ತಳ್ಳಿದ ಹಿಂದೆಯೇ ಹಸಿ ಹುಲ್ಲಿನ ವಾಸನೆ ಎದ್ದಿತು, ಆ ವಾಸನೆಗೆ ನನಗೆ ಈಗಲೂ ಅಪ್ಪನ ಬೆವರು ನೆನಪಾಗುತ್ತದೆ, ಮೇವಿನ ಹೊರೆ ಇಳಿಸಿ ಹೆಗಲು ಒರೆಸಿಕೊಳ್ಳುವ ಅಪ್ಪ, ಅವನ ಗಾಣದ ಮುದಿ ಎತ್ತು, ನೊಗ ಬಿಚ್ಚಿ ಬಯಲಿಗೆ ಬಿಟ್ಟರೂ ಅದು ಸುತ್ತುತ್ತಲೇ ಇರುತ್ತಿತ್ತು, ಗಾಣವಿಲ್ಲ, ಎಣ್ಣೆಯಿಲ್ಲ, ಬರಿ ಬಯಲಲ್ಲಿ ಒಂದು ದುಂಡು ದಾರಿ ತುಳಿದಿತ್ತು, ನಾವು ಮಕ್ಕಳೆಲ್ಲ ನಕ್ಕಿದ್ದೇ ನಕ್ಕಿದ್ದು. ಇವತ್ತು ನನಗೆ ಎಚ್ಚರವಾದಾಗ ನಾನು ಮಂಡಿಯೂರಿ ಕೂತಿದ್ದೆ, ಪೆನಾಲ್ಟಿ ಚುಕ್ಕೆಯ ಮೇಲೆ. ಉಳಿದ ಗೆರೆಯೆಲ್ಲ ಸುಣ್ಣದ ಗಾಡಿಯಲ್ಲಿ ಎಳೆಯುತ್ತೇನೆ, ಅದೊಂದನ್ನು ಮಾತ್ರ ಕೈಯಲ್ಲಿ ಇಡುವುದು, ಮುಷ್ಟಿ ಸುಣ್ಣ ಸುರಿದು, ಅಂಗೈಯಿಂದ ಒತ್ತಿ, ದುಂಡಗೆ, ಕೊನೆಯದಾಗಿ, ಮನೆಯಾಕೆ ಅಡಿಗೆ ಮುಗಿಸಿ ಒಲೆ ಸಾರಿಸಿದ ಹಾಗೆ. ತಲೆ ಎತ್ತಿ ನೋಡಿದೆ. ಇಡೀ ಮೈದಾನ ಗೆರೆ. ಮೂಲೆಯಿಂದ ಮೂಲೆಗೆ, ನಡುವಿನ ವೃತ್ತ, ಎರಡೂ ಚೌಕ, ಎಂದೂ ಇಷ್ಟು ನೆಟ್ಟಗೆ ಬಂದಿರಲಿಲ್ಲ, ದೇವರಾಣೆ ಒಂದು ಗಳಿಗೆ ಖುಷಿಯೇ ಆಯಿತು, ಆಮೇಲೆ ಮಗಳಿಗೆ ಕೊಟ್ಟ ಮಾತು ನೆನಪಾಯಿತು. ಬಕೆಟ್ಟಿನಲ್ಲಿ ನೀರು ತಂದು ಸುರಿದೆ ಚುಕ್ಕೆಯ ಮೇಲೆ, ಅಳಿಸುವುದಕ್ಕೆ ಅದೇ ಯಾಕೆ ಮೊದಲು, ಹತ್ತಿರ ಇತ್ತು ಎಂದು, ನೀರು ಬಿದ್ದ ಸುಣ್ಣ ಹೋಗುತ್ತದೆಯೆ, ಕಲಸಿತು, ಹುಲ್ಲಿನ ಬುಡಕ್ಕೆ ಇಳಿಯಿತು, ಹರಡಿತು, ತಟ್ಟೆಯಷ್ಟಿದ್ದದ್ದು ಮೊರದಷ್ಟಾಯಿತು, ಬಿಳಿ, ಒದ್ದೆ, ರೆಪ್ಪೆ ಇಲ್ಲದ ಕಣ್ಣು. ಕೈಗೆ ಅಭ್ಯಾಸ, ಮಗಾ, ಕೈ ತಾನೇ ಮಾಡಿತು, ಶನಿವಾರ ಹುಲ್ಲು ಕತ್ತರಿಸಿದ ಮೇಲೆ ಗೆರೆ ಅಂತ ಕೈಗೆ ಗೊತ್ತು — ಹಾಗೆ ಹೇಳಿದರೆ ಅವಳು ನಂಬುತ್ತಾಳೆ, ನನ್ನ ಮಗಳು, ನಂಬುತ್ತಾಳೆ. ಆದರೆ ಗೂಟ ಹೊಡೆದವರು ಯಾರು. ದಾರ ಬಿಗಿದವರು ಯಾರು. ಸುಣ್ಣದ ಚೀಲದ ಬಾಯಿ ಬಿಚ್ಚಿದ್ದು, ಗಂಟು ಕಗ್ಗಂಟಾಗಿತ್ತು, ಹಲ್ಲಿನಲ್ಲಿ ಕಚ್ಚಿ ಎಳೆದೆ, ನಾಲಿಗೆಗೆ ಖಾರ ಹತ್ತಿತು, ಅದು ನೆನಪಿದೆ, ನೆನಪಿದೆಯಲ್ಲ, ನಿದ್ದೆಯಲ್ಲಿದ್ದವನಿಗೆ ಖಾರ ನೆನಪಿರುತ್ತದೆಯೆ. ಮೊನ್ನೆ ಮ್ಯಾನೇಜರು ಬೇಲಿಯ ಹತ್ತಿರ ಬಂದಿದ್ದರು, ಬಾಯಲ್ಲಿ ಬೆಣ್ಣೆ, ಬಗಲಲ್ಲಿ ದೊಣ್ಣೆ, ನಿಮ್ಮ ಕೋಣೆ ಗೋಡೆ ತುಂಬ ಹಾಳಾಗಿದೆ ಅಲ್ವಾ, ಸುಣ್ಣ ಹೊಡಿಸೋಣ ಅಂತಿದೀನಿ, ಸ್ವಲ್ಪ ದಿನ ಖಾಲಿ ಮಾಡ್ಬೇಕಾಗತ್ತೆ, ಎಲ್ಲರೂ, ಆಮೇಲೆ ನೋಡೋಣ. ಗೆರೆಯ ಮಾತೇ ಆಡಲಿಲ್ಲ ಪುಣ್ಯಾತ್ಮ. ನೋಡೋಣ ಅಂದರು ಅಷ್ಟೇ. ಆ ನೋಡೋಣ ರಾತ್ರಿಯೆಲ್ಲ ಸೂರಿನ ಮೆಟ್ಟಿಲು ಹತ್ತಿ ಇಳಿದು ಮಾಡಿತು. ಹಾಗಾದರೆ ಕೈಯಲ್ಲ. ಹಾಗಾದರೆ ಎತ್ತೂ ಅಲ್ಲ.

ಮುಖ ಆ ಕಡೆ ತಿರುಗ್ಸು, ಕ್ಷೌರಿಕ ಗಲ್ಲ ಹಿಡಿದು ತಿರುಗಿಸಿದ, ಈ ಕೆನ್ನೆ ಮುಗಿಯಿತು, ಗಾಳಿ ತಾಗಿ ಚುರುಗುಟ್ಟುತ್ತಿದೆ. ಅಲ್ಲ ಹುಲ್ಲಣ್ಣ, ನೀನು ಗೆರೆ ಎಳೆದು ಮುಗಿಸಿ ಬರೋನು ಯಾವಾಗ್ಲೂ, ಇವತ್ತು ಹಂಗೇ ಬಂದೆಯಲ್ಲ, ಅವನು ಸುಮ್ಮನೆ ಕೇಳಿದ, ಸುಮ್ಮನೆಯೇ ಇರಬೇಕು, ಕನ್ನಡಿಯಲ್ಲಿ ಅವನ ಕಣ್ಣು ಕತ್ತಿಯ ಮೇಲೇ ಇದೆ, ನನ್ನ ಮುಷ್ಟಿ ಇನ್ನೂ ಬಿಗಿಯಾಯಿತು, ಉಗುರು ಉರಿಯುವಲ್ಲಿಗೇ ಚುಚ್ಚಿತು. ಗೆರೆ ಎಳೀದಿದ್ರೂ ಗಡ್ಡ ಬೆಳೆಯತ್ತಲ್ಲಯ್ಯ, ಕಂಡಕ್ಟರು, ಗಡ್ಡಾನೂ ಮುಷ್ಕರ ಹೂಡಿದ್ರೆ ನಿನ್ನ ಅಂಗಡಿ ಗತಿ ಏನು. ಹೋಹೋ ಎಂದು ನಕ್ಕರು, ನನಗೋಸ್ಕರ ಅವನೇ ಉತ್ತರ ಹೇಳಿದ, ಇಂಥವರ ಮುಂದೆ — ಹೇಳಿಬಿಡಲೆ, ಈಗಲೇ, ನೊರೆಯ ಸಮೇತ, ಎಳೆದಿದ್ದೇನೆ ಕಣ್ರಪ್ಪ, ಬನ್ನಿ ನಾಲ್ಕು ಗುದ್ದಲಿ ತನ್ನಿ, ಕೆರೆದು ಹಾಕೋಣ, ಕೆರೆದರೆ ಹುಲ್ಲು ಹೋಗುತ್ತದೆ, ನಾನು ಸಾಕಿದ ಹುಲ್ಲು, ಆದರೂ ಆಗುತ್ತದೆ, ಸಂಜೆಯೊಳಗೆ ಆಗುತ್ತದೆ, ಆಮೇಲೆ ನೋಡೋಣ, ಮ್ಯಾನೇಜರ ನೋಡೋಣ, ಮಗಳು ಪಾತ್ರೆ ಕಟ್ಟಿಕೊಂಡು ಮೆಟ್ಟಿಲ ಕೆಳಗಿಂದ ಬಗ್ಗಿ ಹೊರಗೆ ಬರುತ್ತಾಳೆ, ಹೊರಗೆ ಬಂದ ಮೇಲೂ ಅಭ್ಯಾಸಕ್ಕೆ ಬಗ್ಗಿಯೇ ನಡೆಯುತ್ತಾಳೆ, ಬಿಸಿಲಲ್ಲಿ — ನಾಲಿಗೆ ಎತ್ತಿದೆ, ಅಲ್ಲಾಡ್ಬೇಡ ಅಂದ್ನಲ್ಲ, ಕ್ಷೌರಿಕ, ತುಟಿ ಮೇಲಿದೆ ಕತ್ತಿ. ಬಾಗಿಲಿನ ಗಂಟೆ ಟಿಣ್ ಎಂದಿತು, ಓಹೋಹೋ, ಬಾರಪ್ಪ ಗೋಡೆ, ಕಂಡಕ್ಟರು ಎದ್ದೇ ಬಿಟ್ಟ, ಗೋಡೆ ಎಂದರೆ ನನ್ನ ಅಳಿಯ, ಎಷ್ಟು ಚೆಂಡು ತಡೆದಿದ್ದಾನೆಂದು ಆ ಹೆಸರು, ಕನ್ನಡಿಯಲ್ಲಿ ಕಂಡ, ಬಾಗಿಲ ತುಂಬ ಅವನೇ, ತಲೆ ಬಗ್ಗಿಸಿ ಒಳಗೆ ಬಂದ, ಇಲ್ಲಿ ಸೂರು ತಾಗುವುದಿಲ್ಲ, ಆದರೂ ಬಗ್ಗಿಸಿದ, ಅಂತೂ ಕಲಿತ. ಮೈದಾನದ ಕಡೆಯಿಂದ ಬಂದ್ಯೇನೋ. ಹೂಂ. ರೀಲು ಬೆಂಚಿನ ತುದಿಗೆ ಬಂದ, ಮತ್ತೆ, ಏನ್ ಕಥೆ, ಗೆರೆ? ಕ್ಷೌರಿಕನ ಕೈ ನಿಂತಿತು. ಅಳಿಯ ಕನ್ನಡಿಯೊಳಗೆ ನನ್ನನ್ನು ನೋಡಿದ, ನೊರೆ ಉಳಿದಿದ್ದ ತುಟಿಯನ್ನು, ಆಮೇಲೆ ಬಟ್ಟೆಯನ್ನು, ಬಟ್ಟೆಯ ಒಳಗೆ ಎರಡು ಉಬ್ಬು. ಇಲ್ಲ, ಅಂದ. ಮಾವ ಹುಲ್ಲು ಮಾತ್ರ ಕತ್ತರಿಸಿದಾರೆ.

ನಾನು ಹೇಳಲಿಲ್ವಾ, ಹೇಳಲಿಲ್ವಾ ನಾನು, ಕಂಡಕ್ಟರು ನನ್ನ ಹೆಗಲಿಗೆ ಹೊಡೆಯುತ್ತಿದ್ದಾನೆ, ರೀಲು ಸೀಟಿ ಹಾಕಿದ, ಟಾಕೀಸಿನಲ್ಲಿ ಹಾಕುವ ಸೀಟಿ, ನಾಳೆ ಗ್ಯಾಲರಿ ತುಂಬ ನಾವೇ, ಆಟ ನೋಡೋಕಲ್ಲ, ಆಟ ಇಲ್ಲದ್ದು ನೋಡೋಕೆ, ಹುಲ್ಲಣ್ಣನ್ನ ಹೆಗಲ ಮೇಲೆ ಹೊತ್ಕೋತೀವಿ ಎಂದು ಒಬ್ಬ, ಭಾರ ಇದಾನೆ ಕಣೋ ಎಂದು ಇನ್ನೊಬ್ಬ, ಅಳಿಯ ನಗುತ್ತಿಲ್ಲ, ಕೂರಲು ಜಾಗ ನೋಡುತ್ತ ತಿರುಗಿದ, ತಿರುಗಿದಾಗ ಹಿಂದಿನ ಕನ್ನಡಿಯಿಂದ ಮುಂದಿನ ಕನ್ನಡಿಗೆ ಅವನ ಕಾಲು ಬಂತು, ಹಿಮ್ಮಡಿ, ಬೂಟಿನ ಹಿಮ್ಮಡಿ, ಬಿಳಿ. ಒದ್ದೆ ಬಿಳಿ, ಗಟ್ಟಿ ಮೆತ್ತಿಕೊಂಡಿದೆ. ಪೆನಾಲ್ಟಿ ಕೊಟ್ಟಾಗ ಅವನು ಹಾಗೆ ಮಾಡುತ್ತಾನೆ, ಎಲ್ಲ ಗೋಲ್‌ಕೀಪರುಗಳೂ ಮಾಡುತ್ತಾರೆ, ರೆಫರಿ ಆ ಕಡೆ ನೋಡುವಾಗ ಚುಕ್ಕೆಯ ಮೇಲೆ ಹೋಗಿ ಹಿಮ್ಮಡಿ ಉಜ್ಜಿ ಉಜ್ಜಿ ಕಲಸಿಬಿಡುವುದು, ಚೆಂಡು ನೆಟ್ಟಗೆ ಕೂರದಿರಲಿ ಎಂದು, ಪ್ರತಿ ಸಲ ಬೈದಿದ್ದೇನೆ, ನಾನಿಟ್ಟ ಚುಕ್ಕೆ ಯಾಕೋ ಕೆಡಿಸ್ತೀಯ, ನಗುತ್ತಿದ್ದ. ಇವತ್ತು ಅವನ ಎದುರಿಗೆ ಚೆಂಡೇ ಇಲ್ಲ, ಒಬ್ಬನೇ, ಉಜ್ಜಿದ್ದಾನೆ, ಹೋಗಲಿಲ್ಲ, ಹೋಗುವುದಿಲ್ಲ ಅದು. ಈಗ ನಾನು ಬಾಯಿ ಬಿಟ್ಟರೆ ಅವನು ಸುಳ್ಳ, ಬಿಡದಿದ್ದರೆ ನಾಳೆ, ಗ್ಯಾಲರಿ ತುಂಬ ಜನರ ಎದುರು, ಗೆರೆ ಕಂಡಾಗ, ಆಗಲೂ ಅವನೇ ಸುಳ್ಳ. ಮುಗೀತಪ್ಪ, ಕ್ಷೌರಿಕ ಒದ್ದೆ ಟವೆಲ್ಲಿನಿಂದ ಮುಖ ಒರೆಸಿದ, ನೊರೆ ಇಲ್ಲ, ಬಾಯಿ ಖಾಲಿ ಇದೆ, ಕುತ್ತಿಗೆಯ ಹಿಂದೆ ಅವನ ಬೆರಳು ಗಂಟು ಬಿಚ್ಚುತ್ತಿದೆ, ಎಲ್ಲಿ, ಕೈ ತೆಗಿ ಹುಲ್ಲಣ್ಣ, ಬಟ್ಟೆ ಕೊಡವ್ಬೇಕು, ಕೈ ತೆಗಿ, ಅಳಿಯ ಬೆಂಚಿನ ಕೆಳಗೆ ಕಾಲು ಎಳೆದುಕೊಂಡ, ಹಿಂದಕ್ಕೆ, ಇನ್ನೂ ಹಿಂದಕ್ಕೆ, ನೆಲದ ಮೇಲೆ, ಅವನ ಹಿಮ್ಮಡಿ ಇದ್ದಲ್ಲಿ, ಉದುರಿದ ಕೂದಲಿನ ನಡುವೆ, ಒಂದು ಬಿಳಿ, ದುಂಡಗೆ, ಒದ್ದೆ, ಬಿಳಿ