ಹಾಲೆಂಡಿನ ಸೋದರಮಾವ

ಬಂದ ಬೀಗರು ಕೆಲಸ ಕೊಡಿ ಎಂದು ಹಟ ಹಿಡಿದು ಕೂತರೆ ಮನೆಯವರು ಏನು ಮಾಡಬೇಕು, ನೀವೇ ಹೇಳಿ. ೧೯೯೧ರ ಫೆಬ್ರುವರಿಯಲ್ಲಿ ಹಾಲೆಂಡಿನ ಒಂದು ಹೈಸ್ಕೂಲಿನ ಹುಡುಗ ಹುಡುಗಿಯರು ಸೇವೆ ಮಾಡುತ್ತೇವೆಂದು ಮಸ್ಕಿಯ ನಮ್ಮ ಮಕ್ಕಳ ಆಶ್ರಮಕ್ಕೆ ಬಂದಿಳಿದರು. ನಾನು ಕಸ್ತೂರೆಮ್ಮ, ಅಲ್ಲಿನ ವಾರ್ಡನ್. ನಮ್ಮ ಹೆಣ್ಣುಮಕ್ಕಳಿಗೆ ಒಂದು ಬಚ್ಚಲುಮನೆ ಕಟ್ಟಿಕೊಡುವುದು ಅವರ ಸೇವೆಯಾಗಿತ್ತು.

ಸಮುದ್ರ ದಾಟಿ ಬಂದ ಮಕ್ಕಳ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊರಿಸುವುದುಂಟೆ? ಗೌಂಡಿ ಹುಸೇನಪ್ಪ ಮೊದಲ ದಿನವೇ ಸಲಿಕೆಗಳನ್ನು ಬಚ್ಚಿಟ್ಟ. ಯಾರಾದರೂ ಇಟ್ಟಿಗೆಗೆ ಕೈ ಹಾಕಿದರೆ ಓಡಿಬಂದು ಕಸಿದುಕೊಂಡು ಚಹಾ ಕೊಡುತ್ತಿದ್ದ. ನಾನು ಒಂದು ದಿನ ಹೋಳಿಗೆ, ಒಂದು ದಿನ ಕಡುಬು, ಮತ್ತೊಂದು ದಿನ ಎಣ್ಣೆಗಾಯಿ ಮಾಡಿ ನೆರಳಿನಲ್ಲಿ ಕೂಡಿಸಿ ಉಣಿಸಿದೆ. ಅವರಲ್ಲಿ ಯೋರಿಸ್ ಎಂಬ ಹದಿನೇಳರ ಉದ್ದನೆಯ ಹುಡುಗ ಒಬ್ಬನಿದ್ದ. ನಮ್ಮ ಮಕ್ಕಳ ಬಾಯಲ್ಲಿ ಅವನು ಯೋರಪ್ಪ. ನಾವು ಇಷ್ಟು ದೂರ ಉಣ್ಣಲು ಬಂದೆವೇ ಎಂದು ಅವನು ಇಸ್ಮಾಯಿಲ್‌ಸಾಬ್ ಮಾಸ್ತರರ ಮುಂದೆ ಕಣ್ಣೀರು ಹಾಕಿದನಂತೆ. ಮಾಸ್ತರರು ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು. ನಮ್ಮ ಮಾತು ಆ ಹುಡುಗರಿಗೆ, ಅವರ ಮಾತು ನಮಗೆ ದಾಟಿಸುತ್ತಿದ್ದವರು ಅವರೇ. ಹೊಟ್ಟೆ ತುಂಬಿ ಅಳುವವರ ಸುದ್ದಿ ನಾನು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಒಂದು ಮುಂಜಾನೆ ನಮ್ಮ ಅಮರಮ್ಮ ದೊಡ್ಡವಳಾದಳು. ತಂದೆ ತಾಯಿ ಇಲ್ಲದ ಕುರಿಗಾರರ ಮಗಳು; ಓದಿನಲ್ಲಿ ಚುರುಕು, ಬಾಯಲ್ಲಿ ಇನ್ನೂ ಚುರುಕು. ಮುಂದಿನ ತಿಂಗಳು ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ, ಪಾಸಾದರೆ ಲಿಂಗಸುಗೂರಿನಲ್ಲಿ ಹೈಸ್ಕೂಲು. ಆ ಹುಡುಗಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಆದರೆ ಜವಳಗೇರಾದಲ್ಲಿ ಅವಳ ತಾಯಿಯ ತಮ್ಮ ಬಾಲಪ್ಪ ಕಾದು ಕೂತಿದ್ದ. ದೊಡ್ಡವಳಾದ ದಿನ ಬಂದು ಗುಡಿಸಲು ಹಾಕುತ್ತೇನೆ, ಶಾಸ್ತ್ರ ಮುಗಿಸಿ ಕರೆದೊಯ್ದು ಲಗ್ನವಾಗುತ್ತೇನೆ ಎಂದು ಬಂದಾಗಲೆಲ್ಲ ಹೇಳುತ್ತಿದ್ದ. ಅವನ ಮೀಸೆ ಆಗಲೇ ನರೆಯತೊಡಗಿತ್ತು. ಅದನ್ನು ನೋಡಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಅವರ ಮಂದಿಯಲ್ಲಿ ದೊಡ್ಡವಳಾದ ಹುಡುಗಿಯನ್ನು ಹಸಿ ಸೊಪ್ಪಿನ ಗುಡಿಸಲಲ್ಲಿ ಕೂಡಿಸಬೇಕು. ಸೊಪ್ಪು ಕಡಿದು ತಂದು ಕಟ್ಟುವವನು ಸೋದರಮಾವ. ಕಟ್ಟಿದವನಿಗೆ ಹುಡುಗಿಯ ಮೇಲೆ ಹಕ್ಕು. ಅವಳ ಲಗ್ನದ ಮಾತಿನಲ್ಲಿ ಅವನದೇ ಮೊದಲ ಮಾತು. ಹುಡುಗಿ ಒಳಗೆ ಕೂತ ಮೇಲೆ ಆ ಗುಡಿಸಲನ್ನು ಕಿತ್ತರೆ ಅವಳಿಗೆ ಕೇಡು ಎಂಬ ಅಂಜಿಕೆ ಬೇರೆ.

ಬಾಲಪ್ಪನಿಗೆ ಹೇಳಿಕಳಿಸದೆ ಇರುವುದು ಹೇಗೆ? ಓಣಿಯ ಹೆಂಗಸರು ನನ್ನ ಮುಖಕ್ಕೆ ಉಗಿಯುತ್ತಿದ್ದರು. ಸಿಂಧನೂರಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸುದ್ದಿ ಕಳಿಸಿದೆ. ಅಮರಮ್ಮ ಅಂಗಳದ ಬೇಲಿಯ ಪಕ್ಕ ಗೋಣಿಚೀಲದ ಮೇಲೆ ಕೂತು, ಅಕ್ಕಾರ ನನ್ನ ಪರೀಕ್ಷೆ ಎಂದು ಕೇಳಿದಳು. ಸುಮ್ಮನೆ ಕೂಡು, ಬಾಯಿ ಬಹಳಾಗೇದ ಎಂದು ಬೈದೆ. ಸಂಕಟವಾದರೆ ನನಗೆ ಬೈಗುಳವೇ ಬರುವುದು.

ಬಾಲಪ್ಪನ ಗದ್ದೆಗೆ ಅಂದೇ ಕಾಲುವೆ ನೀರಿನ ಪಾಳಿ ಬಂದಿತ್ತಂತೆ. ಮಧ್ಯಾಹ್ನ ಕಳೆದರೂ ಅವನ ಸುಳಿವಿಲ್ಲ. ಆರತಿ ತಟ್ಟೆ ಹಿಡಿದು ಬಂದ ಪಕ್ಕದ ಮನೆಯ ಶಿವಬಸಮ್ಮ ಗೊಣಗತೊಡಗಿದಳು. ಹುಡುಗಿಯ ಮೇಲೆ ಬಿಸಿಲು ಬಿತ್ತು. ಅವಳೇಕೆ ಒಬ್ಬಳೇ ಅಲ್ಲಿ ಕೂತಿದ್ದಾಳೆ ಎಂದು ಯೋರಿಸ್ ಮಾಸ್ತರರನ್ನು ಕೇಳಿದ. ಹೆಣ್ಣುಮಕ್ಕಳ ಸಂಗತಿ ಹೇಗೆ ಹೇಳುವುದೆಂದು ಮಾಸ್ತರರು ನಾಚಿಕೊಂಡು, ಅವಳಿಗೊಂದು ಸೊಪ್ಪಿನ ಗುಡಿಸಲು ಬೇಕು, ಕಟ್ಟುವವನು ಇನ್ನೂ ಬಂದಿಲ್ಲ ಎಂದಷ್ಟೇ ಹೇಳಿದರು.

ಅಷ್ಟೇ ಸಾಕಾಯಿತು. ಹುಡುಗ ಹುಸೇನಪ್ಪನ ಕೊಡಲಿ ಎತ್ತಿಕೊಂಡು ಬೇವಿನ ಮರ ಹತ್ತಿಯೇಬಿಟ್ಟ. ಅತಿಥಿ ಮರ ಏರಿದ್ದು ಕಂಡು ಹುಸೇನಪ್ಪನಿಗೆ ಜೀವವೇ ಹೋದಂತಾಗಿ, ಅಡಿಗೆಮನೆಗೆ ಓಡಿಬಂದ. ನಾನು ಕಿಟಕಿಯಿಂದ ನೋಡಿದೆ. ಕೊಂಬೆಗಳು ಧೊಪಧೊಪನೆ ಬೀಳುತ್ತಿದ್ದವು. ನನ್ನ ತಲೆಯಲ್ಲಿ ಏನೋ ಹೊಳೆಯಿತು.

“ಮಾಡ್ಲಿ ಬಿಡೋ. ಕೆಲಸ ಇಲ್ಲಂತ ಅಳಾಕತ್ತಿದ್ದ, ಪಾಪ,” ಎಂದೆ.

ಹುಸೇನಪ್ಪ ನನ್ನ ಮುಖ ನೋಡಿದ. ಆಮೇಲೆ ತಾನೇ ಹಗ್ಗ ತೆಗೆದುಕೊಂಡು ಹೋಗಿ ಹುಡುಗನಿಗೆ ಕೊಟ್ಟ. ನೋಡನೋಡುತ್ತ ಗುಡಿಸಲು ಎದ್ದಿತು. ಯೋರಿಸ್ ತನ್ನ ಎತ್ತರಕ್ಕೆ ಅಳೆದು ಕಟ್ಟಿದ್ದ. ಹುಡುಗಿಗೆ ಗಾಳಿ ಬೇಕೆಂದು ಒಂದು ಕಿಟಕಿಯನ್ನೂ ಬಿಟ್ಟಿದ್ದ. ಗುಡಿಸಲಿಗೆ ಕಿಟಕಿ! ಶಿವಬಸಮ್ಮ ಗಲ್ಲಕ್ಕೆ ಕೈ ಹಚ್ಚಿ, ಇದು ನಡೆಯುತ್ತದೇನು ಎಂದು ಕೇಳಿದಳು. ಹೊತ್ತು ಮುಳುಗುವುದರೊಳಗೆ ಕೂಡಿಸಬೇಕೋ ಬೇಡವೋ ಎಂದು ನಾನು ಗದರಿದೆ. ಹೆಂಗಸರು ಅಮರಮ್ಮನನ್ನು ಒಳಗೆ ಕೂಡಿಸಿ ಆರತಿ ಬೆಳಗಿ ಹಾಡಿದರು.

ಹಾಡು ಮುಗಿಯುವಷ್ಟರಲ್ಲಿ ಒಂದು ಟ್ರ್ಯಾಕ್ಟರು ಬಂದು ನಿಂತಿತು. ಸೊಪ್ಪಿನ ಹೊರೆಯ ಮೇಲಿಂದ ಬಾಲಪ್ಪ ಇಳಿದ. ಗದ್ದೆಯ ಕೆಸರು ಇನ್ನೂ ಕಾಲಿನಲ್ಲೇ ಇತ್ತು. ಗುಡಿಸಲು ಕಂಡು ಅವನ ಮುಖ ಕಪ್ಪಿಟ್ಟಿತು. ಯಾರು ಹಾಕಿದ್ದು ಎಂದು ಕೇಳಿದ. ಎಲ್ಲರೂ ಯೋರಿಸ್ ಕಡೆ ತಿರುಗಿದರು. ತಲೆಯಲ್ಲಿ ಬೇವಿನೆಲೆ ಸಿಕ್ಕಿಸಿಕೊಂಡ ಹುಡುಗ, ಹೊಗಳುತ್ತಾರೆಂದು ತಿಳಿದು ಕೈ ಮುಗಿದ.

ಕಿತ್ತು ಹಾಕಿ ಅದನ್ನು ಎಂದು ಬಾಲಪ್ಪ ಕೂಗಾಡಿದ. ಅಲ್ಲಿಯವರೆಗೆ ಅನುಮಾನಿಸುತ್ತಿದ್ದ ಶಿವಬಸಮ್ಮ ಸೆರಗು ಸಿಕ್ಕಿಸಿ ಎದ್ದಳು. ಕೂತ ಹುಡುಗಿಯ ಮೇಲಿನ ಸೊಪ್ಪು ಮುಟ್ಟಿದರೆ ನಿನ್ನ ಕೈ ಮುರಿಯುತ್ತೇನೆ ಎಂದಳು. ಯಾವ ಕುಲವೋ, ಯಾವ ದೇಶವೋ, ಇವನೆಂಥ ಮಾವ ಎಂದು ಅವನು ವಾದಕ್ಕಿಳಿದ. ಕಟ್ಟಿದವನೇ ಮಾವ ಎಂದು ಹೆಂಗಸರೆಲ್ಲ ಒಂದೇ ಹಟ. ಮಾಸ್ತರರು ಬೆವರು ಒರೆಸಿಕೊಳ್ಳುತ್ತ, ನೀನೀಗ ಅವಳ ಸೋದರಮಾವ, ಅವಳ ಲಗ್ನದ ಮಾತು ನಿನ್ನದು ಎಂದು ಯೋರಿಸ್‌ಗೆ ಹೇಳಿದರು. ಹುಡುಗನ ಬಿಳಿ ಮುಖ ಇನ್ನೂ ಬಿಳಿಚಿತು. ಆಮೇಲೆ ಅವನು ಕೇಳಿದ್ದು ಒಂದೇ, ಹುಡುಗಿಗೆ ಏನು ಬೇಕಂತೆ?

ಬಾಲಪ್ಪ ಗುಡಿಸಲಿನ ಕಡೆ ತಿರುಗಿ ಸೋತ ದನಿಯಲ್ಲಿ ಅಮರಮ್ಮನನ್ನು ಕೇಳಿದ. ಅವನು ಕೇಳಿದ ಮಾತು ಸುಳ್ಳಾಗಿರಲಿಲ್ಲ, ನನಗೂ ಚುಚ್ಚಿತು.

“ಬರೋ ವಾರ ಇವ ವಿಮಾನ ಹತ್ತಿ ಹೊಕ್ಕಾನ. ಮತ್ತ ಈ ಕಡೆ ಹೊಳ್ಳಿ ನೋಡಂಗಿಲ್ಲ. ಆಮ್ಯಾಲ ನಿನಗ ಯಾರದಾರ ಬೇ?”

ಒಳಗೆ ಕೂತವಳು ಗಂಡಸರ ಜೊತೆ ಮಾತಾಡಬಾರದು. ಆದರೆ ಅಮರಮ್ಮನ ತಲೆ ಆ ಕಿಟಕಿಯಲ್ಲಿ ಕಾಣಿಸಿತು. ಅರಿಸಿನ ಹಚ್ಚಿದ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

“ಹೋಗ್ಲಿ ಬಿಡು ಮಾವಾ. ಹೋಗೋ ಮಾವನ ಬೇಕು ನನಗ. ಇರೋ ಮಾವ ಲಗ್ನ ಕೇಳ್ತಾನ.”

ಯಾರೋ ಕಿಸಕ್ಕೆಂದರು. ನನಗೆ ಮಾತ್ರ ಅಳು ತಡೆಯಲಾಗಲಿಲ್ಲ. ಬಾಲಪ್ಪ ಕಿಟಕಿಯ ಹತ್ತಿರ ಬಂದು ಆ ಮುಖ ನೋಡಿದ. ಅಕ್ಕನ ಮಗಳು ತನ್ನನ್ನು ಕಂಡು ಅಂಜುತ್ತಿದ್ದಾಳೆಂದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲವೆಂದು ಕಾಣುತ್ತದೆ.

“ನನಗ ಅಂಜತೀ ಏನು?” ಎಂದು ಕೇಳಿದ. ಅವಳು ಹೂಂ ಎಂದಳು.

ಬಾಲಪ್ಪ ಹಿಂದಕ್ಕೆ ತಿರುಗಿದ. ಟ್ರ್ಯಾಕ್ಟರಿಗೆ ಹೋಗಿ ತಾನು ತಂದ ಸೊಪ್ಪು ಇಳಿಸತೊಡಗಿದ. ಗುಡಿಸಲಿನ ಹಿಂದುಗಡೆ ಸಂದಿ ಬಿಟ್ಟಿದೆ, ಹುಡುಗಿಗೆ ರಾತ್ರಿ ಥಂಡಿ ಹೊಡೆಯುತ್ತದೆ, ಪರೀಕ್ಷೆ ಬರೆಯುವವಳಿಗೆ ನೆಗಡಿ ಹಿಡಿದರೆ ಹೇಗೆ ಎಂದು ಗೊಣಗಿದ. ಆದರೆ ಒಂದು ಎಲೆಯನ್ನೂ ತಾನು ಗುಡಿಸಲಿಗೆ ತಾಗಿಸಲಿಲ್ಲ. ಒಂದೊಂದೇ ಕೊಂಬೆಯನ್ನು ಎತ್ತಿ ಯೋರಿಸ್‌ನ ಕೈಗೆ ಕೊಡುತ್ತ ಹೋದ.