ಎದೆ ಗಟ್ಟಿಯಾದ ಕೂಡಲೇ

ಹೆರಿಗೆ ವಾರ್ಡಿನ ದಾದಿಗೆ ತಿಂಗಳಿಂದ ಸಿಟ್ಟು ನೆತ್ತಿಗೇರಿ ಕೂತಿತ್ತು. ಹದಿನೆಂಟು ವರ್ಷದಲ್ಲಿ ಕಲಿತದ್ದನ್ನೆಲ್ಲ ಬಾಣಂತಿಯರಿಗೆಂದು ಒಂದು ವೆಬ್ ಪುಟದಲ್ಲಿ ಬರೆದಿಟ್ಟಿದ್ದಳು. ಅದರಲ್ಲಿ ಮೊಲೆಯನ್ನು ಮೊಲೆ ಎಂದೇ ಕರೆದಿದ್ದಳು. ಇನ್ನೇನು ಮೂಗು ಅನ್ನಬೇಕಿತ್ತೇ? ಆದರೆ ಮುಕ್ಕಾಲು ಮಂದಿಯ ಮೊಬೈಲಿನಲ್ಲಿ ಠಿಕಾಣಿ ಹೂಡಿರುವ ಆ ಒಂದು ಬ್ರೌಸರ್, ಯಾರನ್ನೂ ಕೇಳದೆ 'ಕುಟುಂಬ ಕವಚ' ಎಂಬುದೊಂದನ್ನು ಎಲ್ಲರಿಗೂ ತೊಡಿಸಿಬಿಟ್ಟಿತು. ಅಂದಿನಿಂದ ಪುಟ ತೆರೆದರೆ ಕೆಂಪು ಪರದೆ: 'ಅಶ್ಲೀಲ ಪದವಿದೆ, ತೋರಿಸಲಾಗದು.' ಕವಚ ತೆಗೆಯುವ ಗುಂಡಿಯನ್ನು ಎಲ್ಲಿ ಬಚ್ಚಿಟ್ಟಿದ್ದರೋ ಆ ಪುಣ್ಯಾತ್ಮರು! ದಿನಕ್ಕೆ ಇನ್ನೂರು ಜನ ಓದುತ್ತಿದ್ದ ಪುಟದತ್ತ ಒಂದು ನರಪಿಳ್ಳೆಯೂ ಸುಳಿಯದಂತಾಯಿತು.

'ಸ್ತನ' ಎಂದು ಹಾಕಿ ನೋಡಿದಳು, ಅದಕ್ಕೂ ಅದೇ ಪರದೆ. ಹಲ್ಲು ಕಚ್ಚಿಕೊಂಡು ಅವಳು 'ಮೊಲೆ' ಇದ್ದಲ್ಲೆಲ್ಲ 'ಎದೆ' ಎಂದು ತಿದ್ದಿದಳು. ಕೆಂಪು ಪರದೆ ಹೋಯಿತು.

ಇವತ್ತು ಬೆಳಿಗ್ಗೆ, ಇದೇ ವಾರ್ಡಿನಲ್ಲಿ ಹೆತ್ತು ಹೋಗಿದ್ದ ಟೈಲರ್ ಹುಡುಗಿಯೊಬ್ಬಳು ಬಂದಳು. ಚೊಚ್ಚಲ ಬಾಣಂತಿ, ಇಪ್ಪತ್ತು ದಿನದ ಕೂಸು. ಮೈ ಸುಡುತ್ತಿತ್ತು, ಬಲಮೊಲೆ ಕಲ್ಲಾಗಿ ಕೀವು ತುಂಬಿತ್ತು.

"ಎಷ್ಟು ದಿನ ಆಯ್ತೇ?"

"ಐದು."

"ಐದಾ! ನನ್ನ ಪುಟ ನೋಡ್ಲಿಲ್ವಾ?"

"ನೋಡ್ದೆ ಅಕ್ಕಾ. 'ಎದೆ ಗಟ್ಟಿಯಾದ ಕೂಡಲೇ ಆಸ್ಪತ್ರೆಗೆ ಬನ್ನಿ' ಅಂತಿತ್ತು. ನಂಗೋ ತೋರ್ಸೋಕೆ ನಾಚಿಕೆ, ಭಯ. ಧೈರ್ಯ ಬಂದ್ಮೇಲೆ ಬರೋಣ ಅಂತ ಕಾಯ್ತಿದ್ದೆ."

ದಾದಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ತಿದ್ದಿದ ಕೈ ತನ್ನದೇ ಅಲ್ಲವೇ?

ಡಾಕ್ಟರು ಕೊಯ್ದು ಕೀವು ತೆಗೆದರು. ದಾದಿ ಪಟ್ಟಿ ಕಟ್ಟಿ, ವಾರ್ಡಿನ ಮೂಲೆಯ ಕಂಪ್ಯೂಟರಿನಲ್ಲಿ ಆ ಬ್ರೌಸರ್ ಕಂಪನಿಗೆ ದೂರು ಬರೆದಳು: 'ನೀವೆಲ್ಲ ಹುಟ್ಟಿದಾಗ ಮೊಲೆ ಕುಡಿದಿರೋ, ಕವಚ ಕುಡಿದಿರೋ?' ಕಳಿಸಲು ಒತ್ತಿದರೆ ಉತ್ತರ ತಟ್ಟನೆ ಬಂತು: 'ದಯವಿಟ್ಟು ಸಭ್ಯ ಭಾಷೆ ಬಳಸಿ.'

"ನಿನ್ನ ಸಭ್ಯತೆಗಿಷ್ಟು ಬೆಂಕಿ ಹಾಕ!" ಎಂದು ಅವಳು ಮೇಜು ಕುಟ್ಟಿದಳು. ಹಳೆಯ ಮಾತನ್ನೇ ಮತ್ತೆ ಹಾಕಿದರೆ ಪುಟ ಯಾರಿಗೂ ಕಾಣುವುದಿಲ್ಲ. ಹಾಕದಿದ್ದರೆ ಇನ್ನೆಷ್ಟು ಹುಡುಗಿಯರು ಧೈರ್ಯಕ್ಕಾಗಿ ಕಾಯುತ್ತ ಕೂರುತ್ತಾರೋ!

ಅಷ್ಟರಲ್ಲಿ ಹುಡುಗಿಯ ಗಂಡನ ಫೋನು ಬಂತು. "ಎದೆ ಆಪರೇಷನ್ ಆಯ್ತು ರೀ," ಎಂದು ಅವಳು ಪಿಸುಗುಟ್ಟಿದಳು. ಅತ್ತ ಅವನು, "ಅಯ್ಯೋ, ಹಾರ್ಟಾ?" ಎಂದು ಬೊಬ್ಬೆಯಿಟ್ಟದ್ದು ದಾದಿಗೂ ಕೇಳಿಸಿತು.

"ಹಾರ್ಟಲ್ಲ ರೀ!" ಹುಡುಗಿಗೆ ರೇಗಿಹೋಯಿತು. "ಮೊಲೆ! ಮೊಲೆ ಕೊಯ್ದಿದ್ದಾರೆ!"

ವಾರ್ಡಿನ ತಲೆಗಳೆಲ್ಲ ಅತ್ತ ತಿರುಗಿದವು. ಕಿಟಕಿ ಪಕ್ಕದ ಹಾಸಿಗೆಯಲ್ಲಿ, ಬೆಳಿಗ್ಗೆ ದಾದಿ ಎರಡು ಸಲ ಕೇಳಿದಾಗಲೂ ಏನೂ ತೊಂದರೆಯಿಲ್ಲವೆಂದು ತಲೆಯಾಡಿಸಿದ್ದ ಬಾಣಂತಿ ಮೆಲ್ಲಗೆ ಕೈಯೆತ್ತಿದಳು.

"ಅಕ್ಕಾ, ನಂಗೂ... ನಿನ್ನೆಯಿಂದ."