ಸದ್ದು ಮಾಡುವ ಬೂಟು

ನನ್ನ ಗಂಡನಿಗೆ ಸಂಬಳ ಕೊಡುವುದು ಅವನು ಇದ್ದೂ ಇಲ್ಲದಂತೆ ಇರುವುದಕ್ಕೆ. ಅವನು ನಾಟಕಮಂದಿರದಲ್ಲಿ ರಂಗದ ಸಾಮಾನು ಸಾಗಿಸುವವನು. ಒಂದು ದೃಶ್ಯ ಮುಗಿದು ದೀಪ ಆರಿದ ಕೂಡಲೇ ಕತ್ತಲಲ್ಲಿ ನುಗ್ಗಿ, ರಾಜನ ಸಿಂಹಾಸನ ಎತ್ತಿಕೊಂಡು ಹೋಗಿ, ಬಡವನ ಮಂಚ ತಂದಿಟ್ಟು, ದೀಪ ಹತ್ತುವಷ್ಟರಲ್ಲಿ ಮಾಯವಾಗಬೇಕು. ಯಾರಿಗೂ ಕಾಣಬಾರದು, ಯಾರಿಗೂ ಕೇಳಬಾರದು. ಈ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಅಲ್ಲಿಯ ಬಡಗಿ ಹೇಳುತ್ತಾನೆ. ಪಾತ್ರೆ ತೊಳೆಯುವ ಹೊತ್ತಿಗೆ ಮಾಯವಾಗುವುದರಲ್ಲೂ ಅವನನ್ನು ಮೀರಿಸುವವರಿಲ್ಲ ಎಂದು ನಾನು ಹೇಳುತ್ತೇನೆ. ಎದುರಿಗೆ ‘ರೀ’ ಎನ್ನುತ್ತೇನೆ, ಇಲ್ಲಿ ‘ಅವನು’ ಎನ್ನುತ್ತಿದ್ದೇನೆ. ಕಥೆ ಹೇಳುತ್ತಿರುವವಳು ನಾನು, ನನ್ನಿಷ್ಟ.

ತೊಂದರೆಯೆಂದರೆ, ಈ ವಿದ್ಯೆಯನ್ನು ಅವನು ತನ್ನ ಹೆತ್ತ ತಾಯಿಯ ಮೇಲೂ ಪ್ರಯೋಗಿಸಲು ಶುರುಮಾಡಿದ್ದ.

ನಮ್ಮತ್ತೆ ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸುವ ಕೆಲಸ ಮಾಡಿ ನಿವೃತ್ತಿಯಾದವರು. ಒಂದು ಕಾಲಕ್ಕೆ ಊರಿನ ಅರ್ಧ ಗುಟ್ಟು ಅವರ ಕಿವಿಯಲ್ಲಿತ್ತು, ಉಳಿದರ್ಧ ಬಾಯಲ್ಲಿತ್ತು. ಹೋದ ವರ್ಷ ಅವರ ಕಣ್ಣು ಮಸುಕಾಯಿತು. “ವಯಸ್ಸಾಯ್ತಲ್ಲಮ್ಮಾ, ಕನ್ನಡಕ ಬದಲಾಯಿಸಿದ್ರೆ ಸರಿಹೋಗುತ್ತೆ,” ಎಂದ ಮಗ. ಬದಲಾಯಿಸಿದರು. ಸರಿಹೋಗಲಿಲ್ಲ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ತಡವಾಗಿತ್ತು. ಈಗ ಅವರಿಗೆ ಕಿಟಕಿ ಎಲ್ಲಿದೆ ಎನ್ನುವಷ್ಟು ಬೆಳಕು ಮಾತ್ರ ಕಾಣುತ್ತದೆ.

ಅಂದಿನಿಂದ ನನ್ನ ಗಂಡ ತಾಯಿಯ ಎದುರು ಕೂರುವುದನ್ನೇ ಬಿಟ್ಟ. ನಮ್ಮ ಕೋಣೆಯಿಂದ ಬೀದಿ ಬಾಗಿಲಿಗೆ ಹೋಗಲು ಒಂದು ಓಣಿಯಂಥ ದಾರಿ ಇದೆ, ಅತ್ತೆಯ ಕೋಣೆಯ ಬಾಗಿಲು ಅದರ ಮಧ್ಯದಲ್ಲಿದೆ. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತರೆ ಎಲ್ಲ ಕಾಣುತ್ತದೆ. ಮಧ್ಯಾಹ್ನ ಕೆಲಸಕ್ಕೆ ಹೊರಡುವಾಗ ಅವನು ಹಳೆಯ ಬಟ್ಟೆ ಶೂನಲ್ಲಿ ಬೆಕ್ಕಿನಂತೆ ಬರುತ್ತಿದ್ದ, ಆ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದ, ಅಮ್ಮನನ್ನು ನೋಡುತ್ತಿದ್ದ, ಮತ್ತೆ ಬೆಕ್ಕಿನಂತೆಯೇ ಹೋಗುತ್ತಿದ್ದ. ಕಪಾಟನ್ನು ಬೆನ್ನ ಮೇಲೆ ಹೊರುವ ಗಂಡಸು. ಹೆತ್ತವಳಿಗೆ ಒಂದು ಮಾತು ಹೇಳಲು ಅವನಿಗೆ ಧೈರ್ಯ ಸಾಲದು.

“ಅವನು ಹೋದ್ನಾ?” ಎಂದು ಅತ್ತೆ ಆಮೇಲೆ ಕೇಳುತ್ತಿದ್ದರು. “ಹೋದ್ರು ಅತ್ತೆ, ಅರ್ಜೆಂಟಲ್ಲಿದ್ರು,” ಎನ್ನುತ್ತಿದ್ದೆ ನಾನು. ದಿನಾ ಇದೇ ಸುಳ್ಳು ಹೇಳಿ ನನಗೆ ನಾಲಿಗೆ ಕಹಿಯಾಗಿತ್ತು. ಮುದುಕಿಗೆ ಬೇರೇನೂ ಬೇಕಿರಲಿಲ್ಲ. ಮಗ ಒಳಗೆ ಬಂದು, ಮಂಚದ ಮೇಲೆ ಕೂತು, ಏನಾದರೂ ಹರಟಿದರೆ ಸಾಕಿತ್ತು. ನಾನು ಅವನ ಹತ್ತಿರ ಜಗಳವಾಡಿ ನೋಡಿದೆ, ಅತ್ತು ನೋಡಿದೆ. “ನಾಳೆ ಕೂರ್ತೀನಿ,” ಎನ್ನುತ್ತಿದ್ದ.

ಅಷ್ಟರಲ್ಲಿ ಒಂದು ಅರಮನೆ ಅವನ ಕಾಲ ಮೇಲೆ ಹತ್ತಿತು. ಹಲಗೆಯ ಅರಮನೆ, ಕೆಳಗೆ ಚಕ್ರ. ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. “ಇನ್ನಾದ್ರೂ ಗಟ್ಟಿ ಚರ್ಮದ ಬೂಟು ತಗೋ ಮಾರಾಯ, ಬೆರಳು ಮತ್ತೆ ಹುಟ್ಟಲ್ಲ,” ಎಂದ ಬಡಗಿ. ಊತ ಇಳಿದ ಮೇಲೆ ಇಬ್ಬರೂ ಅಂಗಡಿಗೆ ಹೋದೆವು.

ಅಂಗಡಿಯವನು ಕಾಲನ್ನು ಅಳೆಯುವ ಮೊದಲು ಗಡಿಯಾರ ನೋಡಿದ. “ಸಾಯಂಕಾಲ ಬಂದಿದ್ದೀರಿ, ಒಳ್ಳೇದಾಯ್ತು. ಬೆಳಿಗ್ಗೆ ಕಾಲು ಸುಳ್ಳು ಹೇಳುತ್ತೆ. ದಿನವಿಡೀ ನಿಂತು ಊದಿಕೊಂಡ ಮೇಲೇ ಅದರ ನಿಜವಾದ ಅಳತೆ ಸಿಗೋದು.” ಆಮೇಲೆ ಒಂದು ಕಂದು ಬೂಟನ್ನು ಎರಡೂ ಕೈಯಲ್ಲಿ ತಂದ. ದಪ್ಪ ಚರ್ಮ, ಕಣಕಾಲಿನ ಮೇಲಕ್ಕೆ ಬರುವಷ್ಟು ಎತ್ತರ, ಅಟ್ಟೆಯನ್ನು ಅಂಟಿನಿಂದಲ್ಲ, ದಾರದಿಂದ ಹೊಲಿದದ್ದು. ಹೊಲಿಗೆ ನನ್ನ ಕಸುಬು, ಬೆರಳಾಡಿಸಿ ನೋಡಿದೆ. ಒಂದು ಗಂಟೂ ತಪ್ಪಿರಲಿಲ್ಲ. ಬೆಲೆ ಕೇಳಿದ ಮೇಲೆ ಗಿರಾಕಿಗಳಿಗೆಂದು ಇಟ್ಟಿದ್ದ ಕುರ್ಚಿ ನನಗೇ ಬೇಕಾಯಿತು.

“ಒದ್ದೆಯಾದ್ರೆ ಒಲೆ ಹತ್ರ ಇಡ್ಬೇಡಿ, ಚರ್ಮ ಬಿರುಕು ಬಿಡುತ್ತೆ. ಕಳಚಿದ ಮೇಲೆ ಒಳಗೆ ಈ ಮರದ ಅಚ್ಚು ಇಡಿ. ಧೂಳನ್ನ ಮೊದಲು ಬ್ರಷ್ಷಲ್ಲಿ ಹೊಡೆದು, ಆಮೇಲೆ ಒದ್ದೆ ಬಟ್ಟೇಲಿ ಒರೆಸಿ, ಆಮೇಲೆ ಮೇಣ ಹಚ್ಚಿ. ಮೊದಮೊದಲು ಕಚ್ಚಬಹುದು, ಸಿಟ್ಟು ಮಾಡ್ಕೋಬೇಡಿ,” ಎಂದು ಅಂಗಡಿಯವನು ಹೇಳುತ್ತಲೇ ಹೋದ. ನನ್ನ ಮದುವೆಯ ದಿನ ನನ್ನ ಬಗ್ಗೆ ಇಷ್ಟು ಸೂಚನೆಗಳನ್ನು ಯಾರೂ ಈ ಮನುಷ್ಯನಿಗೆ ಕೊಟ್ಟಿರಲಿಲ್ಲ. ಅವನು ಬೂಟು ಹಾಕಿಕೊಂಡು ಅಂಗಡಿಯ ದಪ್ಪ ಜಮಖಾನೆಯ ಮೇಲೆ ಹಿಂದೆ ಮುಂದೆ ನಡೆದ. ಎದೆ ತಾನಾಗಿ ಉಬ್ಬಿತು.

ಜಮಖಾನೆ ನಮಗೆ ಕೈಕೊಟ್ಟಿತ್ತು. ಮರುದಿನ ಅವನು ನಮ್ಮ ಮನೆಯ ಕಲ್ಲು ನೆಲದ ಮೇಲೆ ಮೊದಲ ಹೆಜ್ಜೆ ಇಟ್ಟಾಗ ಬೂಟು ‘ಕಿರ್ರ್’ ಎಂದಿತು. ಎರಡನೆಯದಕ್ಕೆ ‘ಕೀಂಯ್’ ಎಂದಿತು. ಅವನು ತುದಿಗಾಲಲ್ಲಿ ನಡೆದ, ಇನ್ನೂ ಜೋರಾಯಿತು. ಸರಿಯಾಗಿ ಅತ್ತೆಯ ಬಾಗಿಲಿಗೆ ಬರುವ ಹೊತ್ತಿಗೆ ಒಳಗಿನಿಂದ ದನಿ ಬಂತು.

“ಯಾರೋ ಅದು, ನಿಲ್ಲು.”

ಕಳ್ಳ ನಿಂತ. ನಾನು ಯಂತ್ರ ನಿಲ್ಲಿಸಿದೆ.

“ನಾನೇ ಅಮ್ಮಾ.”

“ಏನೋ ಅದು ಕಾಲಲ್ಲಿ? ಬಾ ಇಲ್ಲಿ, ತೋರಿಸು.”

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅವನು ಹೋಗಿ ಮಂಚದ ತುದಿಯಲ್ಲಿ ಕೂತು ಒಂದು ಬೂಟು ಬಿಚ್ಚಿಕೊಟ್ಟ. ಅತ್ತೆ ಅದನ್ನು ಮಡಿಲಲ್ಲಿಟ್ಟು ಮೂತಿಯಿಂದ ಹಿಮ್ಮಡಿಯವರೆಗೆ ಸವರಿದರು, ಮೂಸಿದರು, ಲೇಸು ಹಿಡಿದು ಎಳೆದರು.

“ಬಣ್ಣ?”

“ಕಂದು.”

“ನಿಮ್ಮಪ್ಪನ ಕೋಟಿನ ಕಂದೋ, ಸೀದ ಬ್ರೆಡ್ಡಿನ ಕಂದೋ?”

ಅವನು ಕಾಲಲ್ಲಿದ್ದ ಇನ್ನೊಂದು ಬೂಟನ್ನು ಬಗ್ಗಿ ನೋಡಿದ. “ಎರಡರ ಮಧ್ಯ,” ಎಂದ. ಆಮೇಲೆ, ಬಹಳ ದಿನಗಳ ಮೇಲೆ, ಆ ಕೋಣೆಯಲ್ಲಿ ಇಬ್ಬರೂ ನಕ್ಕದ್ದು ಕೇಳಿಸಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಯಾರದೋ ಅಂಗಿಗೆ ತೋಳನ್ನು ತಿರುಗಾಮುರುಗಾ ಹೊಲಿದುಬಿಟ್ಟೆ.

ಮುಂದೆ ಇದೇ ಪದ್ಧತಿಯಾಯಿತು. ಬೂಟು ಕಿರುಗುಟ್ಟುತ್ತಿತ್ತು, ಅತ್ತೆ ಕರೆಯುತ್ತಿದ್ದರು, ಅವನು ಒಳಗೆ ಹೋಗುತ್ತಿದ್ದ. ಮೊದಲು ಕಟಕಟೆಯಲ್ಲಿ ನಿಂತವನಂತೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ. ನಿಧಾನಕ್ಕೆ ನಾಟಕದ ನಾಯಕಿಯ ಕೋಪತಾಪ, ರಾಜನ ಪಾತ್ರದವನ ಬಾಯಿವಾಸನೆ, ಎಲ್ಲ ವರದಿ ಶುರುವಾಯಿತು. ಕಣ್ಣಿನ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಇತ್ತ ನಾಟಕಮಂದಿರದಲ್ಲಿ ಬೇರೆಯೇ ರಾಮಾಯಣ ನಡೆದಿತ್ತು. ಹೊಸ ನಾಟಕದ ತಾಲೀಮು. ನಾಯಕ ಯುದ್ಧದಲ್ಲಿ ಗಾಯಗೊಂಡು, ನಾಯಕಿಯ ತೊಡೆಯ ಮೇಲೆ ತಲೆಯಿಟ್ಟು, ಉದ್ದದ ಮಾತೊಂದನ್ನು ಆಡಿ ಸಾಯುತ್ತಾನೆ. ದೀಪ ಆರುತ್ತದೆ. ಆ ಕತ್ತಲಲ್ಲಿ, ಆ ಮೌನದಲ್ಲಿ, ಹೆಣದ ಪಕ್ಕದಲ್ಲೇ ‘ಕಿರ್ರ್, ಕೀಂಯ್’. ಹೆಣ ಮೊದಲು ನಕ್ಕಿತಂತೆ. ಆಮೇಲೆ ನಾಯಕಿ. ನಿರ್ದೇಶಕ ಕುರ್ಚಿಯನ್ನು ಒದ್ದು, “ನನ್ನ ದುರಂತ ನಾಟಕಕ್ಕೆ ಹಂದಿಮರಿ ತಂದೋನು ಯಾರು?” ಎಂದು ಕೇಳಿದನಂತೆ. ಮುಂದಿನ ಶುಕ್ರವಾರದ ಮೊದಲ ಪ್ರದರ್ಶನದೊಳಗೆ ಬೂಟಿನ ಬಾಯಿ ಮುಚ್ಚಿಸಬೇಕು, ಇಲ್ಲದಿದ್ದರೆ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸ ಎಂದು ಆಜ್ಞೆಯಾಯಿತು. ಹಳೆಯ ಶೂ ಹಾಕುವಂತಿಲ್ಲ, ಅರಮನೆಯ ಘಟನೆಯಾದ ಮೇಲೆ ಮಂದಿರದವರೇ ಅದನ್ನು ನಿಷೇಧಿಸಿದ್ದರು.

ನನ್ನ ಗಂಡನ ಮುಖ ಇಳಿದುಹೋಯಿತು. ಅವನಿಗೆ ಆ ಕತ್ತಲು ಇಷ್ಟ. ಗೇಟಿನಲ್ಲಿ ನಿಂತು ಜನರಿಗೆ ಹಲ್ಲು ಕಿರಿಯುವುದು ಅವನಿಂದಾಗುವ ಕೆಲಸವಲ್ಲ.

ಬಡಗಿ ಮದ್ದು ಹೇಳಿಕೊಟ್ಟ. ಬೂಟಿನೊಳಗೆ ಪಾದದಡಿ ಇರುವ ಚರ್ಮದ ಹಾಸು ಕೆಳಗಿನ ಪದರಕ್ಕೆ ಉಜ್ಜಿ ಸದ್ದು ಬರುತ್ತದೆ, ಹಾಸನ್ನು ಎತ್ತಿ ಕೆಳಗೆ ಪೌಡರ್ ಉದುರಿಸಬೇಕು. ಅವನು ನನ್ನ ಮುಖದ ಪೌಡರನ್ನೇ ಧಾರಾಳವಾಗಿ ಸುರಿದ. ಸದ್ದು ನಿಂತಿತು. ಮಾರನೆಯ ದಿನ ಮತ್ತೆ ಬಂತು. ಮತ್ತೆ ಸುರಿದ, ಮತ್ತೆ ಬಂತು. ಲೇಸಿನ ಕೆಳಗಿನ ನಾಲಿಗೆಗೆ ಎಣ್ಣೆ ಹಚ್ಚಿದ, ಹೊಲಿಗೆಗೆ ಮೇಣ ಉಜ್ಜಿದ. ಇವನ ಆರೈಕೆಯಿಂದ ಬೂಟು ಮೈಕೈ ತುಂಬಿಕೊಂಡು ಹೊಳೆಯತೊಡಗಿತು. ಕಿರುಗುಟ್ಟುವುದನ್ನು ಮಾತ್ರ ಬಿಡಲಿಲ್ಲ. “ಇದಕ್ಕೆ ಏನೋ ದೆವ್ವ ಹಿಡಿದಿದೆ,” ಎಂದು ತಲೆ ಚಚ್ಚಿಕೊಂಡ.

ದೆವ್ವ ಯಾವುದೆಂದು ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ. ಅವನು ಸ್ನಾನಕ್ಕೆ ಹೋಗಿದ್ದ. ಅತ್ತೆಗೆ ಕಾಫಿ ಕೊಡಲು ಹೋದರೆ ಅವರ ತೋಳಿನ ತುದಿಯೆಲ್ಲ ಬೆಳ್ಳಗಾಗಿತ್ತು, ಮೂಗಿನ ಮೇಲೂ ಒಂದು ಗೀಟು. ಕೋಣೆ ತುಂಬ ನನ್ನ ಪೌಡರಿನ ಘಮ. ಮಂಚದ ಕೆಳಗಿನಿಂದ ಒಂದು ಒದ್ದೆ ಬಟ್ಟೆ ಇಣುಕುತ್ತಿತ್ತು.

“ಅತ್ತೆ, ಬೂಟು ಒರೆಸಿದ್ರಾ?”

“ಯಾವ ಬೂಟು?”

“ನಿಮ್ಮ ಮೂಗಿನ ಮೇಲೆ ಪೌಡರ್ ಇದೆ.”

ಅತ್ತೆ ಮೂಗು ಒರೆಸಿಕೊಂಡರು. ಸಿಕ್ಕಿಬಿದ್ದ ಮೇಲೆ ನಾಚುವ ಜಾತಿಯಲ್ಲ ಅವರು. “ಗೋಡೆ ಸವರಿಕೊಂಡು ಹೋದ್ರೆ ನಿಮ್ಮ ಕೋಣೆ ಸಿಗುತ್ತೆ. ಹಾಸು ಎತ್ತೋದು ಏನು ಕಷ್ಟ? ಟೆಲಿಫೋನಿನ ತಂತಿಗಿಂತ ಸುಲಭ,” ಎಂದರು.

ನನಗೆ ಸಿಟ್ಟು ಬಂತು. “ನಿಮ್ಮ ಮಗನ ಕೆಲಸ ಹೋಗುತ್ತೆ ಅಂತ ಗೊತ್ತಾ ನಿಮಗೆ? ಶುಕ್ರವಾರದೊಳಗೆ ಸದ್ದು ನಿಲ್ಲದಿದ್ರೆ ಗೇಟಲ್ಲಿ ನಿಲ್ಲಿಸ್ತಾರೆ.” ನಿರ್ದೇಶಕನ ಆಜ್ಞೆಯನ್ನು ಅವನು ತಾಯಿಗೆ ಹೇಳಿರಲಿಲ್ಲ, ಬೂಟಿನ ಹಂದಿಮರಿಯ ಕಥೆಯನ್ನಷ್ಟೇ ನಗಿಸಲು ಹೇಳಿದ್ದ.

ಅತ್ತೆ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಸದ್ದಿದ್ರೆ ನಾನು ಕರೀಬಹುದು ಕಣೆ,” ಎಂದರು. “ಕರೆದ್ರೆ ಬರ್ತಾನೆ. ಕೆಟ್ಟ ಹುಡುಗ ಅಲ್ಲ ಅವನು.”

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅತ್ತೆ ಕಾಫಿ ಮುಗಿಸಿ ಲೋಟ ಕೊಟ್ಟು, “ಆ ಬೂಟು ತಾ ಇಲ್ಲಿ, ಪೌಡರೂ ತಾ. ಅವನು ಸುರಿಯೋ ರೀತಿ ಸರಿಯಿಲ್ಲ, ಎಲ್ಲ ಹಿಮ್ಮಡಿಗೆ ಹಾಕ್ತಾನೆ. ಉಜ್ಜೋದು ಬೆರಳಿನ ಬುಡದಲ್ಲಿ,” ಎಂದರು. ಒಳಗೆ ಕೈ ಹಾಕಿ ಮೂಲೆಮೂಲೆಗೂ ಬೆರಳ ತುದಿಯಿಂದ ಪೌಡರ್ ಸವರಿ, ಹಾಸನ್ನು ಒತ್ತಿ ಕೂರಿಸಿದರು. ಆಮೇಲೆ ಮೇಣದ ಡಬ್ಬಿ ತರಿಸಿ ಬೂಟನ್ನು ಉಜ್ಜಿದರು. ಮಗನ ಕೆಲಸವನ್ನು ಉಳಿಸಲು ತಮಗೆ ಸಿಕ್ಕಿದ್ದ ಒಂದೇ ಒಂದು ಸುಖವನ್ನು ತಮ್ಮ ಕೈಯಾರೆ ಮುಚ್ಚಿಟ್ಟರು. ಆ ಬೂಟನ್ನು ನಮ್ಮ ಕೋಣೆಗೆ ಹೊತ್ತೊಯ್ಯುವಾಗ ನನಗೆ ಅದನ್ನು ಕಿಟಕಿಯಾಚೆ ಎಸೆಯುವಷ್ಟು ಸಂಕಟವಾಯಿತು.

ಶುಕ್ರವಾರ ಮಧ್ಯಾಹ್ನ ಅವನು ಬೂಟು ಕಟ್ಟಿಕೊಂಡು ಹೊರಬಂದ. ಸದ್ದೇ ಇಲ್ಲ. ಒಂದು ಹೆಜ್ಜೆ ಇಟ್ಟು ನಿಂತ, ಇನ್ನೊಂದು ಇಟ್ಟ, ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಗೆದ್ದೆ ಎನ್ನುವ ಮುಖ. ಇನ್ನು ಪಾಪದವನಿಗೆ ಕತ್ತಲೂ ಉಳಿಯಿತು, ಕೆಲಸವೂ ಉಳಿಯಿತು.

ಅತ್ತೆಯ ಬಾಗಿಲಿಗೆ ಬಂದ. ನಿಂತ. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು, ಕೈಯೆರಡೂ ಮಡಿಲಲ್ಲಿ. ಇವನು ನೋಡಿದ, ಹೊಸ್ತಿಲ ಮೇಲೆ ಒಂದು ಕಾಲಿಟ್ಟ, ಹಿಂದಕ್ಕೆ ಎಳೆದುಕೊಂಡ. ಇಷ್ಟು ದಿನ ಕೂತು ಹರಟಿದವನು, ಕರೆಯದೆ ಒಳಗೆ ಹೋಗಲಾರ. ಆಮೇಲೆ ಹಳೆಯ ಚಾಳಿಯಂತೆ ಮೆಲ್ಲನೆ ಬೀದಿ ಬಾಗಿಲ ಕಡೆ ತಿರುಗಿದ.

ನನ್ನ ಮೈಯೆಲ್ಲ ಉರಿದುಹೋಯಿತು. ಯಂತ್ರ ನಿಲ್ಲಿಸಿ, ಇಡೀ ಮನೆಗೆ ಕೇಳುವಂತೆ ಹೇಳಿದೆ:

“ಅತ್ತೆ, ನಿಮ್ಮ ಮಗ ಬಾಗಿಲಲ್ಲಿ ನಿಂತಿದ್ದಾರೆ. ಹೇಳದೆ ಹೋಗ್ತಿದ್ದಾರೆ.”

ಅವನು ನನ್ನನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಸುಟ್ಟುಹೋಗುತ್ತಿದ್ದರು. ನಾನು ಕತ್ತರಿ ಎತ್ತಿಕೊಂಡೆ.

“ಗೊತ್ತು,” ಎಂದರು ಅತ್ತೆ, ಕಿಟಕಿಯಿಂದ ಮುಖ ತಿರುಗಿಸದೆ. “ಮೇಣದ ವಾಸನೆ ಬರ್ತಿದೆ. ಈ ಬೂಟು ಬರೋ ಮೊದಲು ಅವನ ಮೈಯ ಸೋಪಿನ ವಾಸನೆ ಬರ್ತಿತ್ತು. ದಿನಾ ಬಂದು ನಿಲ್ತಿದ್ದ, ದಿನಾ ನಂಗೆ ಗೊತ್ತಾಗ್ತಿತ್ತು.”

ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಹಾಗಾದರೆ ನಾನು ಹೇಳಿದ ಸುಳ್ಳುಗಳನ್ನೆಲ್ಲ ಅವರು ಸುಳ್ಳೆಂದು ಗೊತ್ತಿದ್ದೇ ಕೇಳಿಸಿಕೊಂಡಿದ್ದರು.

“ಗೊತ್ತಿದ್ರೆ ಯಾಕಮ್ಮಾ ಕರೀಲಿಲ್ಲ?” ಅವನು ಬಾಗಿಲಿಗೆ ವಾಪಸ್ಸು ಬಂದ.

“ಬಚ್ಚಿಟ್ಟುಕೊಂಡೋನನ್ನ ಹ್ಯಾಗೋ ಕರೀಲಿ? ನಿಂಗೆ ಅವಮಾನ ಆಗಲ್ವಾ? ಬೂಟು ಕಿರುಗುಟ್ಟಿದ್ರೆ ನೀನು ಸಿಕ್ಕಿಬಿದ್ದಿದ್ದು ಬೂಟಿಂದ ಅಂತಾಯ್ತು, ನನ್ನಿಂದ ಅಲ್ಲ.”

ಅವನು ಒಳಗೆ ಹೋದ. ಮಂಚದ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತು ಅವರ ಮೊಣಕಾಲಿಗೆ ಹಣೆ ಆನಿಸಿದ.

“ಕನ್ನಡಕ ಬದಲಾಯಿಸಿದ್ರೆ ಸಾಕು ಅಂದೋನು ನಾನು ಅಮ್ಮಾ.”

“ಹೂಂ, ನೀನೇ. ಡಾಕ್ಟರೇನೋ ನೀನು? ಕುರ್ಚಿ ಮೇಜು ಎತ್ತೋನ ಮಾತು ಕೇಳಿದೆನಲ್ಲ, ನನಗೆ ಬುದ್ಧಿ ಇರ್ಲಿಲ್ವಾ?” ಅತ್ತೆ ಅವನ ತಲೆಯ ಮೇಲೆ ಕೈಯಿಟ್ಟರು. ಭುಜ ಅಲುಗುವುದು ಕೈಗೆ ತಿಳಿದಿರಬೇಕು. ಅವನು ಅಳುತ್ತಿದ್ದ, ಕಸುಬಿನ ಅಭ್ಯಾಸದಂತೆ ಒಂದಿಷ್ಟೂ ಸದ್ದು ಮಾಡದೆ.

“ಅಳೋದಾದ್ರೆ ಸರಿಯಾಗಿ ಅಳೋ,” ಎಂದರು ಅತ್ತೆ. “ಇಲ್ಲಿ ಯಾವ ನಾಟಕಾನೂ ನಡೀತಿಲ್ಲ. ನಂಗೆ ಕೇಳಬೇಕು.”

ಅವನು ಅತ್ತ. ಪಕ್ಕದ ಮನೆಯವರು ಕಿಟಕಿ ತೆರೆದು ನೋಡುವಷ್ಟು ಜೋರಾಗಿ ಅತ್ತ.